ಜೀರಿಗೆ ನೀರಿನಲ್ಲಿ ತೇಲಿದ ಬೀಜಗಳು

ಕಾರ್ಮಿಕ ಸಂಘದ ಹಲಗೆ ಓದುವ ಗೆಳೆಯರೇ, ಇವತ್ತು ಅತಿಥಿಯೊಬ್ಬರ ಜೀರಿಗೆ ನೀರು ಕೆಡಿಸಿ ಬಂದಿದ್ದೇನೆ. ಬಹಳ ಖುಷಿಯಾಗಿದೆ!

ನಾನು ಗುಮಾಸ್ತನಾಗಿರುವ ಮಟ್ಟಾಂಚೇರಿಯ ಗೋದಾಮಿಗೆ ಬೆಂಗಳೂರಿನ ವ್ಯಾಪಾರಿಯೊಬ್ಬರು ಕಾಳುಮೆಣಸು ಕೊಳ್ಳಲು ಬಂದಿದ್ದರು. ಧಣಿಗಳು ಬಾಗಿಲ ಬಳಿಯ ಚೀಲವನ್ನಷ್ಟೇ ಬಿಚ್ಚಿ ತೋರಿಸಿದರು. ಒಳಗಿನ ಚೀಲಗಳಲ್ಲಿ ಒಣಗಿದ ಪಪ್ಪಾಯಿ ಬೀಜ ಬೆರೆಸಿದ್ದರು. ಬೇಡವೆಂದು ನಿನ್ನೆಯೇ ಜಗಳವಾಡಿದ್ದೆ. ತಿನ್ನುವವರಿಗೆ ಮೋಸ ಮಾಡಿ ಬರುವ ಸಂಬಳ ಯಾರಿಗೆ ಬೇಕು? ಒಳಗಿನ ಚೀಲದಿಂದ ಒಂದು ಹಿಡಿ ತಂದು ವ್ಯಾಪಾರಿಗೆ ಕುಡಿಯಲು ಕೊಟ್ಟಿದ್ದ ಜೀರಿಗೆ ನೀರಿನ ಲೋಟಕ್ಕೆ ಸುರಿದೆ. ಮೆಣಸು ಮುಳುಗಿತು, ಪಪ್ಪಾಯಿ ಬೀಜ ತೇಲಿತು.

"ಕುಡಿಯೋ ನೀರಿಗೇ ಹಾಕ್ಬಿಟ್ರಲ್ರೀ!" ಎಂದು ವ್ಯಾಪಾರಿ ಹೌಹಾರಿದರು. ಆಮೇಲೆ ಲೋಟದೊಳಗೆ ಇಣುಕಿ, "ಧಣಿಗಳೇ, ನಾನು ಪಪ್ಪಾಯಿ ಕೇಳಿರ್ಲಿಲ್ಲ" ಎಂದರು.

ಕುಂಬಳೆಯವರಾದ ನಮ್ಮ ಧಣಿ ನನ್ನತ್ತ ತಿರುಗಿ, "ಎಂತ ನಿನ್ನದು ದೊಡ್ಡ ನ್ಯಾಯ! ಈಗಲೇ ಹೊರಡು ಮಾರಾಯ!" ಎಂದು ಕೂಗಿದರು.

ಹೊರಟೆ. ಅಷ್ಟರಲ್ಲಿ ಮೂಟೆ ಹೊರುವವರೆಲ್ಲ ಹೆಗಲ ಮೇಲಿನ ತೋರ್ತು ಹಾಸಿ ನೆಲದ ಮೇಲೆ ಕುಳಿತುಬಿಟ್ಟರು. "ಗುಮಸ್ತನ್ ಇಲ್ಲೆಂಗಿಲ್ ಚಾಕ್ ಎಡುಕ್ಕಿಲ್ಲ, ಮುದಲಾಳಿ!" ಎಂದ ಅವರ ಮುಂದಾಳು ಕುಂಞಾಲಿ. ಗುಮಾಸ್ತನಿಲ್ಲದೆ ಅವರು ಚೀಲ ಮುಟ್ಟುವುದಿಲ್ಲವಂತೆ! ವ್ಯಾಪಾರಿಯೂ, "ಶುದ್ಧ ಮಾಡಿಕೊಟ್ರೆ ತಗೋತೀನಿ, ಇಲ್ದಿದ್ರೆ ಇಲ್ಲ" ಎಂದರು.

ಧಣಿಗಳು ಸೋತರು. "ಒಳಗೆ ಬಾ ಮಾರಾಯ. ಬೀಜ ತೋರಿಸಿದವನು ನೀನು, ಬೇರೆ ಮಾಡುವವನೂ ನೀನೇ" ಎಂದು ನನ್ನ ಕೈಗೆ ಮೊರ ಕೊಟ್ಟರು.

ಮಧ್ಯಾಹ್ನದಿಂದ ಸಂಜೆಯವರೆಗೂ ಕೇರಿದೆ. ಕ್ರಾಂತಿಯಿಂದ ಸೊಂಟ ಇಷ್ಟು ನೋಯುತ್ತದೆಂದು ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ.