ಒಂದು ಖೋಖಾ ಕಡಿಮೆ

ಕೊಟ್ಟೂರಿನಲ್ಲಿ ಪಾತ್ರೆಗೆ ತವರದ ಕಲಾಯಿ ಹಾಕುವ ಕಮಾಲಸಾಬನ ಮಗ ಅಬ್ದುಲ್ ವಹಾಬ ಎನ್.ಸಿ.ಸಿ. ಸೇರಿದ್ದು ದೇಶಸೇವೆಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಉಪ್ಪಿಟ್ಟಿಗೆ ಸೇರಿದ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅರ್ಧ ಕಾಲೇಜು ಹಾಗೆಯೇ ಸೇರಿತ್ತು. ಒಪ್ಪಿಕೊಳ್ಳುವ ಧೈರ್ಯ ಇವನೊಬ್ಬನಿಗಿತ್ತು. ಸರ್ಕಾರ ಕೊಟ್ಟ ಬೂಟು ಕಾಲಿಗಿಂತ ದೊಡ್ಡದು. ತುದಿಗೆ ಚಿಂದಿ ತುರುಕಿಕೊಂಡು ಕೊಕ್ಕರೆಯ ಹಾಗೆ ಹೆಜ್ಜೆ ಹಾಕುತ್ತಿದ್ದ. ಆದರೆ ಬರಬರುತ್ತ ಉಪ್ಪಿಟ್ಟು ಮರೆತುಹೋಯಿತು. ಅಪ್ಪನ ಒಲೆಯ ತಿದಿ ಒತ್ತಿ ಒತ್ತಿ ಕಪ್ಪಾದ ಕೈಗಳನ್ನು ತೊಡೆಗೆ ಅಂಟಿಸಿ ‘ಸಾವಧಾನ್’ ನಿಂತಾಗ ಅವನೂ ಎಲ್ಲರಂತೆ ಸಾಲಿನಲ್ಲೊಬ್ಬ. ಆ ಸುಖ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಸಾಲಿನ ಮುಂದೆ ನಿಲ್ಲುತ್ತಿದ್ದವನು ಹೊಸಹಳ್ಳಿಯ ಚೌಡಣ್ಣ. ಕೊನೆಯ ವರ್ಷದವನು, ತೋಳಿನ ಮೇಲೆ ಮೂರು ಪಟ್ಟಿ. ಅವನ ತಾಯಿ ಮಾರೆಮ್ಮ ಕೂಲಿನಾಲಿ ಮಾಡಿ ಓದಿಸುತ್ತಿದ್ದಳು. ‘ಸಿ’ ಸರ್ಟಿಫಿಕೇಟ್ ಕೈಗೆ ಬಂದರೆ ಪೊಲೀಸ್ ಕೆಲಸ ಸಿಕ್ಕಂತೆಯೇ ಎಂದು ತಾಯಿ ಮಗ ಇಬ್ಬರೂ ಅದನ್ನೇ ನೆಚ್ಚಿಕೊಂಡು ಕೂತಿದ್ದರು. ಚೌಡಣ್ಣನಿಗೆ ವಹಾಬನೆಂದರೆ ಅದೇನೋ ಅಕ್ಕರೆ. ಬೂಟಿನ ದಾರ ಕಟ್ಟುವುದರಿಂದ ಹಿಡಿದು ಬಂದೂಕು ಹಿಡಿಯುವುದರವರೆಗೆ ಎಲ್ಲವನ್ನೂ ಅವನೇ ಕಲಿಸಿದ್ದ.

ಆ ಚಳಿಗಾಲದಲ್ಲಿ ವಹಾಬನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ಹಡಗಲಿಗೆ ಕೊಟ್ಟಿದ್ದ ಅಕ್ಕ ಮುಮ್ತಾಜ್ ಬೇಗಂ ಮೂರನೆಯ ಬಾಣಂತನಕ್ಕೆ ಬಂದಿದ್ದಳು. ಮೊದಲಿನ ಎರಡು ಕೂಸುಗಳೂ ನಲವತ್ತು ದಿನ ತುಂಬುವುದರೊಳಗೆ ಹೋಗಿದ್ದವು. ‘ಈ ಸಲ ಉಳಿದರ ಕರಿಯಾಕ ಬರ್ತೀನಿ’ ಎಂದು ಹೇಳಿ ಗಂಡ ಬಸ್ಸು ಹತ್ತಿಸಿ ಕಳಿಸಿದ್ದ. ಅವನಿಗೆ ಏನನ್ನಬೇಕೋ ನೀವೇ ಅನ್ನಿ. ಹುಟ್ಟಿದ ಗಂಡುಕೂಸು ಹಾಲು ಕಕ್ಕುತ್ತಿತ್ತು, ಇದ್ದಕ್ಕಿದ್ದ ಹಾಗೆ ಸೆಟೆದು ನೀಲಿಯಾಗುತ್ತಿತ್ತು. ಆಸ್ಪತ್ರೆಯ ಔಷಧ ನಡೆದೇ ಇತ್ತು. ದರ್ಗಾದ ಹಿರಿಯರು ಚೀಟಿಯ ಮೇಲೆ ಕುರಾನಿನ ಆಯತ್ತು ಬರೆದುಕೊಟ್ಟು, “ಇದನ್ನ ಹತ್ಯಾರದ ಲೋಹದಾಗಿಟ್ಟು ಕಟ್ರಿ. ಜೀವ ತಗಿಯಾಕ ಬಂದದ್ದು ಅದನ್ನ ನೋಡಿ ಹೆದರಬೇಕು” ಎಂದರು. ಕಮಾಲಸಾಬ ಕಟುಕರ ಕತ್ತಿಯ ಚೂರು ಕೇಳಿಕೊಂಡು ಬರುವ ಯೋಚನೆಯಲ್ಲಿದ್ದ.

ಆ ಶನಿವಾರ ಉಜ್ಜಿನಿ ರಸ್ತೆಯ ಗುಡ್ಡದ ಬುಡದಲ್ಲಿ ವಹಾಬನ ಮೊದಲ ಫೈರಿಂಗ್. ಗೋಣಿತಾಟಿನ ಮೇಲೆ ಬೋರಲು ಮಲಗಿದ. “ಉಸರು ಹಿಡಿ. ಆಮ್ಯಾಲ ಕುದರಿ ಒತ್ತು” ಎಂದು ಚೌಡಣ್ಣ ಕಿವಿಯ ಹತ್ತಿರ ಹೇಳಿದ. ಗುಂಡು ಹಾರಿತು. ಬೋಲ್ಟು ಎಳೆದಾಗ ಹಾರಿದ ಹಿತ್ತಾಳೆಯ ಬಿಸಿ ಖೋಖಾ, ಗುಂಡು ಹೋದ ಮೇಲೆ ಉಳಿಯುವ ಬೆರಳ ತುದಿಯಷ್ಟರ ಖಾಲಿ ಕೊಳವೆ, ನೇರವಾಗಿ ಅವನ ಅಂಗಿಯ ತೋಳಿನೊಳಗೆ ಬಿತ್ತು. ಚುರ್ರೆಂದಿತು. ಕೂಸಿನ ಪಾಲಿಗೆ ಅಲ್ಲಾಹನೇ ಕಳಿಸಿದ್ದು ಎಂದು ವಹಾಬನಿಗೆ ಅನ್ನಿಸಿತು. ಕಟುಕರ ಕತ್ತಿಗಿಂತ ಬಂದೂಕು ದೊಡ್ಡ ಹತ್ಯಾರವಲ್ಲವೇ? ಅದನ್ನು ಮೆಲ್ಲಗೆ ಕಿಸೆಗೆ ಇಳಿಸಿಕೊಂಡ.

ಇದು ಕಳ್ಳತನ ಎಂದು ಅವನಿಗೆ ಹೊಳೆಯಲೇ ಇಲ್ಲ ಎಂದರೆ ನಗಬೇಡಿ. ಕೂಸಿನ ತಾಯಿತಕ್ಕೆಂದು ಚೂರು ಹಿತ್ತಾಳೆ ಕೇಳಿ ಬಂದವರಿಗೆ ಕಲಾಯಿಯವರು ಇಲ್ಲವೆನ್ನುವ ಹಾಗಿಲ್ಲ, ದುಡ್ಡು ಮುಟ್ಟುವ ಹಾಗಿಲ್ಲ. ಅಂಗಡಿಯವನು ಊಟಕ್ಕೆ ಹೋಗಿದ್ದರೆ ತಾವೇ ಆರಿಸಿಕೊಂಡು ಹೋಗಬಹುದು. ಆ ರೂಢಿಯಲ್ಲಿ ಬೆಳೆದ ಹುಡುಗನಿಗೆ ಹಾರಿಸಿ ಬಿಸಾಕಿದ ಗುಂಡಿನ ಸಿಪ್ಪೆಯನ್ನೂ ಸರ್ಕಾರ ಎಣಿಸಿ ವಾಪಸು ಕೇಳುತ್ತದೆ ಎಂದರೆ ಹೇಗೆ ಗೊತ್ತಾಗಬೇಕು? ಪರೇಡು ಕಲಿಸಲು ಬರುತ್ತಿದ್ದ ಸೈನ್ಯದ ಹವಾಲ್ದಾರರು ಹೇಳಿದ್ದರು, ನಿಜ. ಹಿಂದಿಯಲ್ಲಿ ಹೇಳಿದ್ದರು, ಉಪ್ಪಿಟ್ಟಿನ ವಾಸನೆ ಬರುತ್ತಿದ್ದಾಗ ಹೇಳಿದ್ದರು.

ಸಂಜೆಗೆ ಕಮಾಲಸಾಬ ಖೋಖಾಕ್ಕೆ ತವರದಲ್ಲಿ ಪುಟ್ಟ ಕೊಂಡಿ ಬೆಸೆದು, ಒಳಗೆ ಚೀಟಿಯಿಟ್ಟು, ಬಾಯಿಗೆ ಅರಗು ಹಾಕಿದ. ಮುಮ್ತಾಜ್ ಅದನ್ನು ಕಣ್ಣಿಗೊತ್ತಿಕೊಂಡು ಕರಿದಾರದಲ್ಲಿ ಕೂಸಿನ ಕೊರಳಿಗೆ ಕಟ್ಟಿದಳು. ಆ ರಾತ್ರಿ ಕೂಸು ಒಮ್ಮೆಯೂ ಸೆಟೆಯಲಿಲ್ಲ. “ನೋಡಿದ್ಯಾ ವಹಾಬ, ಹಾಲು ಕುಡದು ಹೆಂಗ ಮಲಗೇತಿ” ಎಂದು ಅವಳು ನಕ್ಕಳು. ಅಕ್ಕ ನಕ್ಕಿದ್ದನ್ನು ನೋಡಿ ಅವನಿಗೆ ಎಷ್ಟು ದಿನವಾಗಿತ್ತೋ.

ಭಾನುವಾರ ಬೆಳಿಗ್ಗೆ ಕೆಡೆಟ್‌ಗಳಿಗೆಲ್ಲ ಗುಡ್ಡಕ್ಕೆ ಬರಲು ಕರೆ ಬಂತು. ಒಂದು ಖೋಖಾ ಕಡಿಮೆ. ಹಿಂದಿನ ದಿನ ದೂಳುಗಾಳಿ ಎದ್ದ ಅವಸರದಲ್ಲಿ ಚೌಡಣ್ಣ ಎಣಿಸದೆಯೇ ‘ಪೂರಾ ಐತಿ ಸಾಬ್’ ಎಂದು ಸಹಿ ಹಾಕಿದ್ದ. ಈಗ ಅವನು ಸುಳ್ಳುಗಾರ, ಕಳ್ಳನೂ ಇರಬಹುದು. ಸೋಮವಾರ ಬಟಾಲಿಯನ್ನಿನ ಲಾರಿ ಬರುವುದರೊಳಗೆ ಸಿಗದಿದ್ದರೆ ಅವನ ಹೆಸರು ಹೊಡೆದುಹಾಕುತ್ತಾರೆ, ‘ಸಿ’ ಸರ್ಟಿಫಿಕೇಟಿನ ಪರೀಕ್ಷೆಯೇ ಇಲ್ಲ. ಹಾಗೆಂದು ಹವಾಲ್ದಾರರು ಎಲ್ಲರೆದುರಿಗೆ ಹೇಳಿದರು.

ಹುಡುಗರು ಮನೆಮನೆಯಿಂದ ಜರಡಿ ತಂದು ಮಣ್ಣು ಜರಡಿ ಹಿಡಿದರು. ವಹಾಬನೂ ಹಿಡಿದ. ಅದು ಎಲ್ಲಿದೆ ಎಂದು ಅವನಿಗೆ ಗೊತ್ತು, ಆದರೂ ಕಲ್ಲು ಎತ್ತಿ ನೋಡಿದ, ಮುಳ್ಳುಕಂಟಿಯೊಳಗೆ ಕೈ ಹಾಕಿದ. ಬಾಯಿ ಬಿಡಬೇಕೆಂದು ಹೋಗಿ ಹೋಗಿ ಹಿಂದೆ ಬಂದ. ಬಾಯಿ ಬಿಟ್ಟರೆ ತಂದು ಕೊಡಬೇಕು, ತರಬೇಕೆಂದರೆ ಕೂಸಿನ ಕೊರಳಿಗೆ ಕೈ ಹಾಕಬೇಕು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಮಧ್ಯಾಹ್ನದ ಬಿಸಿಲಲ್ಲಿ ಚೌಡಣ್ಣ ಮೊಣಕಾಲೂರಿ, ಬೆರಳಿನಿಂದ ನೆಲ ಕೆರೆಯುತ್ತ, “ನಮ್ಮವ್ವಗ ಏನಂತ ಹೇಳ್ಲೋ ವಹಾಬಾ” ಎಂದ. ವಹಾಬನಿಗೆ ಆ ಮಣ್ಣಿನಲ್ಲೇ ಹೂತುಹೋಗಬೇಕೆನಿಸಿತು. ಜರಡಿ ಅಲ್ಲೇ ಬಿಟ್ಟು ಮನೆಗೆ ಓಡಿದ.

ಅಪ್ಪ ಎಲ್ಲವನ್ನೂ ಕೇಳಿ ಒಲೆಯ ಬೂದಿ ಕೆದಕುತ್ತ ಕೂತ.

“ಮುಮ್ತಾಜ್ ಆಪಾನ್ನ ಕೇಳೋಣೇನು ಅಬ್ಬಾ?”

“ಕೇಳಿದ್ರ ಕೊಡ್ತಾಳನು? ಸತ್ರೂ ಕೊಡಂಗಿಲ್ಲ. ಎರಡು ಮಣ್ಣು ಮಾಡಿ ಬಂದಾಳ.”

“ಮತ್ತ ಚೌಡಣ್ಣ?”

ಕಮಾಲಸಾಬ ಒಲೆಗೆ ಇದ್ದಿಲು ಹಾಕಿದ. ಎದ್ದು, ಹಳೆಯ ಹೂಜಿಯ ಹಿತ್ತಾಳೆ ತಗಡು ಕತ್ತರಿಸಿ ಅದೇ ಅಳತೆಯ ಕೊಳವೆ ಸುತ್ತಿದ, ಅದೇ ತರಹದ ಕೊಂಡಿ ಬೆಸೆದ. ಮುಮ್ತಾಜ್ ನಲ್ಲಿಯ ನೀರಿಗೆ ಕೊಡ ಹಿಡಿದು ಹೋದಾಗ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ದಾರ ಬಿಚ್ಚಿದ. ಕೂಸು ಕಣ್ಣು ಬಿಟ್ಟು ಅಜ್ಜನನ್ನು ನೋಡುತ್ತಿತ್ತು. ಅರಗು ಕರಗಿಸಿ ಚೀಟಿ ಹೊರಗೆಳೆದು ಹೊಸದಕ್ಕೆ ತುಂಬಿದ. “ಆಯತ್ತು ಅದಾ ಐತಿ. ಕಾಯಾಂವ ಅಲ್ಲಾಹ, ಹಿತ್ತಾಳಿ ಅಲ್ಲ” ಎಂದ. ಹೇಳುತ್ತಲೇ ಅದರ ಬಾಯಿಗೆ ಅರಗು ಹಾಕಿ ಕೂಸಿನ ಕೊರಳಿಗೆ ಕಟ್ಟಿದ, ಖೋಖಾದ ಕೊಂಡಿ ಕಿತ್ತು ಉಜ್ಜಿದ. ಅಕ್ಕ ಕೊಡ ಹೊತ್ತು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ವಹಾಬ ಖೋಖಾವನ್ನು ಚೌಡಣ್ಣನ ಅಂಗೈಯಲ್ಲಿಟ್ಟು, “ಜಾಲಿ ಕಂಟಿ ಬುಡಕ ಸಿಕ್ತು” ಎಂದ. ಚೌಡಣ್ಣ ಅವನನ್ನು ಅಪ್ಪಿಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ಹವಾಲ್ದಾರರು ಮಾತ್ರ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕೊಂಡಿಯಿದ್ದ ಜಾಗದಲ್ಲಿ ಎಳ್ಳುಕಾಳಿನಷ್ಟು ತವರ ಹೊಳೆಯುತ್ತಿತ್ತು. ಅದನ್ನು ಉಗುರಿನಲ್ಲಿ ಕೆರೆದು, “ನಿನ್ನ ಅಪ್ಪ ಏನ್ ಕೆಲಸ ಮಾಡ್ತಾನೆ?” ಎಂದು ವಹಾಬನನ್ನು ತಮ್ಮ ಹರಕುಮುರುಕು ಕನ್ನಡದಲ್ಲಿ ಕೇಳಿದರು. “ಕಲಾಯಿ, ಸಾಬ್.” ಅವರು ಅವನ ಕೈಗಳನ್ನೊಮ್ಮೆ ನೋಡಿ, ಖೋಖಾವನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

ಅದೇ ವಾರ ಕೂಸಿಗೆ ಮತ್ತೆ ಸೆಟೆತ ಶುರುವಾಯಿತು. ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಹಾಸಿಗೆಯ ಪಕ್ಕ ನಿಂತು ವಹಾಬ ಬೇಡಿಕೊಂಡ ಹಾಗೆ ಯಾವ ಮುಲ್ಲಾನೂ ಬೇಡಿಕೊಂಡಿರಲಾರ. ಏನೂ ಫಲವಾಗಲಿಲ್ಲ. ಕೂಸು ಶುಕ್ರವಾರ ಹೋಯಿತು.

ಔಷಧಕ್ಕೆ ಬಗ್ಗದ್ದು ಹಿತ್ತಾಳೆಗೆ ಬಗ್ಗುತ್ತಿತ್ತೇ? ಇಲ್ಲ ಎಂದು ನೀವೂ ಹೇಳುತ್ತೀರಿ, ನಾನೂ ಹೇಳುತ್ತೇನೆ. ವಹಾಬನಿಗೆ ಹೇಳಿ ನೋಡಿ. ಅವನು ಖಾಕಿ ಬಟ್ಟೆ ಮಡಿಚಿ ಕಾಲೇಜಿಗೆ ಒಪ್ಪಿಸಿ ಬಂದ, ಮತ್ತೆ ಪರೇಡಿಗೆ ಹೋಗಲಿಲ್ಲ. ಮಾತಾಡಿಸಲು ಬಂದ ಹೆಂಗಸರೆದುರು ಮುಮ್ತಾಜ್ ಹೇಳುತ್ತಿದ್ದಳು: “ನನ್ನ ತಮ್ಮ ಸರ್ಕಾರದ ಗುಂಡನ್ನ ತಂದು ಕಟ್ಟಿದ್ದ ಬೇ. ಅದಕ್ಕೂ ಅಂಜಲಿಲ್ಲ ಅಂದ್ರ ಅಲ್ಲಾಹ ಬರದಿದ್ದಾ ಅಷ್ಟು. ನಾವೇನೂ ಕಡಿಮಿ ಮಾಡಿಲ್ಲ.” ಅದನ್ನು ಕೇಳಲಾರದೆ ವಹಾಬ ಒಮ್ಮೆ ಬಾಯಿ ತೆರೆದ. ಅಪ್ಪ ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದ.

“ನಿನ್ನ ಎದಿ ಹಗುರ ಮಾಡ್ಕೊಳ್ಳಾಕ ಆಕಿ ಎದಿ ಮ್ಯಾಲ ಕಲ್ಲಿಡಬ್ಯಾಡ. ಅದೊಂದು ಮಾತಿನ ಮ್ಯಾಲ ಬದುಕ್ಯಾಳ ಆಕಿ.”

ಹಡಗಲಿಯಿಂದ ಯಾರೂ ಕರೆಯಲು ಬರಲಿಲ್ಲ. ಮುಮ್ತಾಜ್ ತವರಲ್ಲೇ ಉಳಿದಳು, ಬೀಡಿ ಸುತ್ತುವುದು ಕಲಿತಳು. ವಹಾಬ ಓದು ಬಿಟ್ಟು ಕಲಾಯಿ ಒಲೆಯ ಮುಂದೆ ಕೂತ. ತಾಯಿತಕ್ಕೆ ಹಿತ್ತಾಳೆ ಕೇಳಿ ಬಂದವರನ್ನು ಅಪ್ಪನ ಕಡೆಗೆ ಕಳಿಸಿಬಿಡುತ್ತಿದ್ದ.

ಎರಡು ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಚೌಡಣ್ಣ ಪೇಢಾದ ಪೊಟ್ಟಣ ಹಿಡಿದು ಬಂದ. ಪೊಲೀಸ್ ಕೆಲಸ ಸಿಕ್ಕಿತ್ತು. ಅಂಗಳದಲ್ಲಿ ಚಾಪೆ ಹಾಸಿದರು, ಮುಮ್ತಾಜ್ ಚಾ ತಂದಳು. ಚೌಡಣ್ಣ ಎದ್ದು ನಿಂತು, ಖುಷಿಯಿಂದ ಒದ್ದೆಯಾದ ಕಣ್ಣಿನಲ್ಲಿ, “ಮೊದಲ ಪೇಢಾ ನೀವು ತಿನಬೇಕ್ರಿ ಅಕ್ಕಾರ. ನಿಮ್ಮ ತಮ್ಮ ಇರದಿದ್ರ ನಾನೂ ನಮ್ಮವ್ವನ ಜೋಡಿ ಕೂಲಿಗೆ ಹೋಗ್ತಿದ್ದೆ. ಒಂದು ಖೋಖಾ ಕಡಿಮಿ ಬಿದ್ದಿತ್ರಿ. ಹುಡುಗರೆಲ್ಲ ಸೇರಿ ಹುಡುಕಿದ್ರೂ ಸಿಗಲಿಲ್ಲ. ಸೋಮವಾರ ಮುಂಜಾನಿ ಇವನಾ ತಂದು ನನ್ನ ಕೈಯಾಗಿಟ್ಟ” ಎಂದ.

ವಹಾಬ ತಲೆ ಎತ್ತಲಿಲ್ಲ. ಕಮಾಲಸಾಬ ಗೋಡೆ ನೋಡುತ್ತಿದ್ದ. ಮುಮ್ತಾಜ್ ಇಬ್ಬರನ್ನೂ ನೋಡಿದಳು, ಒಬ್ಬರಾದ ಮೇಲೆ ಒಬ್ಬರನ್ನು, ಸಾವಕಾಶವಾಗಿ.

“ಚಾ ಆರತೈತಿ, ಕುಡೀರಿ ಅಣ್ಣಾರ” ಎಂದು ಚೌಡಣ್ಣನಿಗೆ ಹೇಳಿ, ಪೇಢಾ ತೆಗೆದುಕೊಂಡು ತಿಂದಳು. ಅವನ ತಾಯಿಯ ಆರೋಗ್ಯ ವಿಚಾರಿಸಿದಳು. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟಳು.

ತಿರುಗಿ ಬಂದು ಲೋಟ ಎತ್ತಿಕೊಳ್ಳುತ್ತ ತಮ್ಮನ ಮುಂದೆ ಕೂತಳು. ಬೈಯುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದು ವಹಾಬ ಕಾಯುತ್ತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

“ನನ್ನ ಒಂದು ಮಾತು ಕೇಳಬೇಕಿತ್ತಲ್ಲೋ” ಎಂದಳು. “ಅವನವ್ವನೂ ತಾಯಿನಾ ಅಲ್ಲನು? ನಾನಾ ಬಿಚ್ಚಿ ಕೊಡ್ತಿದ್ದೆ.”

ಕೊಡುತ್ತಿದ್ದಳೋ ಇಲ್ಲವೋ, ಯಾರು ಹೇಳಬಲ್ಲರು? ಅವಳಿಗೂ ಗೊತ್ತಿದ್ದಿರಲಾರದು. ಅದನ್ನು ತಿಳಿಯಲು ಇದ್ದ ಒಂದೇ ದಿನ ಅವಳು ನೀರಿಗೆ ಹೋಗಿದ್ದಳು.