ಅರವತ್ತೊಂದು ಪರ್ಸೆಂಟಿನ ದೊಡ್ಡವ್ವ

ನನ್ನ ತಮ್ಮನ ಮದುವೆಯ ವಿಡಿಯೋದಿಂದ ದೊಡ್ಡವ್ವನನ್ನು ಕತ್ತರಿಸಿ ತೆಗೆದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹದಿನೆಂಟು ನಿಮಿಷದ ದೊಡ್ಡವ್ವ, ಮೌಸನ್ನು ಎರಡು ಸಲ ಒತ್ತಿದ್ದಕ್ಕೆ ಮಂಗಮಾಯ. ಆಮೇಲೆ ಅವಳನ್ನು ಮತ್ತೆ ಒಳಗೆ ಸೇರಿಸಲು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಬಬಲೇಶ್ವರದವಳು. ಅವ್ವ ಮತ್ತು ನಾನು ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ಇರುತ್ತೇವೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಿಡುವಿದ್ದಾಗ ನನ್ನ ಸಣ್ಣ ಕ್ಯಾಮೆರಾದಲ್ಲಿ ಮನೆಯ ಸಮಾರಂಭಗಳನ್ನು ಹಿಡಿದು, ಹಳೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಡಿವಿಡಿ ಮಾಡಿ ಹಂಚುತ್ತೇನೆ. ಈ ಕಾಲದಲ್ಲಿ ಡಿವಿಡಿ ಯಾರು ನೋಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ನಮ್ಮ ದೊಡ್ಡವ್ವ ನೋಡುತ್ತಾಳೆ. ಅವಳದು ಗುಂಡಿ ಒತ್ತುವ ಫೋನು. ಟಿವಿಯ ಕೆಳಗೆ ಕಸೂತಿ ಬಟ್ಟೆ ಹೊದ್ದು ಕೂತಿರುವ ಪ್ಲೇಯರಿಗೆ ಪೆನ್ ಡ್ರೈವ್ ಚುಚ್ಚುವ ಜಾಗವೇ ಇಲ್ಲ.

ಮದುವೆ ನಡೆದದ್ದು ತಿಕೋಟಾದಲ್ಲಿ, ಹೆಣ್ಣಿನವರ ಊರಿನಲ್ಲಿ. ನಮ್ಮಲ್ಲಿ ಸುರಗಿ ಅಂತ ಒಂದು ಶಾಸ್ತ್ರವಿದೆ. ಮೂಲೆಗೊಂದು ತಂಬಿಗೆ ಇಟ್ಟು, ನಡುವೆ ಮದುಮಗನನ್ನು ಕೂರಿಸಿ, ಸುತ್ತಲೂ ಬಿಳಿ ನೂಲು ಸುತ್ತಿ ನೀರು ಹಾಕುತ್ತಾರೆ. ನೂಲು ಹಿಡಿದವಳು ದೊಡ್ಡವ್ವ. ಮೂರನೇ ಸುತ್ತಿಗೆ ನೂಲು ಹರಿಯಿತು. ಅಲ್ಲಿಂದ ಹದಿನೆಂಟು ನಿಮಿಷ ಅವಳು ನೂಲು ತಂದವರನ್ನು, ನೀರು ಕಾಯಿಸಿದವರನ್ನು, ನಡುವೆ ಅಡ್ಡಾಡಿದವರನ್ನು, ಕೊನೆಗೆ ಕ್ಯಾಮೆರಾ ಹಿಡಿದು ನಗುತ್ತಿದ್ದ ನನ್ನನ್ನೂ ಸೇರಿಸಿ ಸಾಲಾಗಿ ಬೈದಳು. ಎಡಿಟಿಂಗ್ ಮಾಡುವಾಗ ಅವ್ವ ನನ್ನ ಹಿಂದೆ ಬಂದು ನಿಂತು ಹೇಳಿದಳು: "ಆ ಗದ್ದಲಾ ತಗದ ಬಿಡ ಯವ್ವಾ. ನೂಲು ಹರದಿದ್ದು ಬೀಗರು ಮತ್ತ ಮತ್ತ ನೋಡೂದು ಛಲೋ ಅಲ್ಲ." ನಾನು ತೆಗೆದುಬಿಟ್ಟೆ. ಉಳಿದ ಹೊತ್ತೆಲ್ಲ ದೊಡ್ಡವ್ವ ಅಡುಗೆಮನೆಯಲ್ಲೇ ಇದ್ದಳು, ಬೇರೆಲ್ಲೂ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಅವಳೋ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು, ಚಹಾ ಚುರುಮುರಿ ಕೊಟ್ಟು, ಡಿವಿಡಿ ಹಾಕಿದ್ದಾಳೆ. ಎರಡು ತಾಸಿನ ಮದುವೆ ಮುಗಿದರೂ ಅವಳ ಸೆರಗಿನ ತುದಿಯೂ ಕಾಣಲಿಲ್ಲ. "ನೀ ಮದುವಿಗೆ ಹೋಗಿದ್ದಿಲ್ಲೇನ?" ಎಂದು ಯಾರೋ ಕೇಳಿದರಂತೆ. ಅವತ್ತೇ ಅವ್ವನಿಗೆ ಫೋನು ಬಂತು. "ಊಟಕ್ಕ ಕರದು ಎಲಿ ಹಾಕದ ಕಳಿಸಿದಂಗಾತು. ಆ ಸೀಡಿದಾಗ ನನ್ನ ಮಾರಿ ಕಾಣೂತನಾ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ." ಅವ್ವ ತಾನೇ ತೆಗೆಸಿದ್ದು ಎಂದು ಒಪ್ಪಿಕೊಳ್ಳಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಫೋನು ಕೆಳಗಿಟ್ಟು ಹೋಗಿ ಅಕ್ಕಿ ಆರಿಸತೊಡಗಿದಳು.

ತಿಂಗಳುಗಳು ಕಳೆದವು. ಪ್ರತಿ ದೀಪಾವಳಿಗೆ ದೊಡ್ಡವ್ವ ಎರಡು ದಿನ ಮುಂಚೆಯೇ ನಮ್ಮ ಮನೆಗೆ ಬಂದು, ಅಕ್ಕತಂಗಿಯರು ಎದುರುಬದುರು ಕೂತು ಕರ್ಚಿಕಾಯಿ ಮಾಡಬೇಕು. ಒಬ್ಬಳು ಲಟ್ಟಿಸಿದರೆ ಇನ್ನೊಬ್ಬಳು ತುಂಬಬೇಕು. ನಲವತ್ತು ವರ್ಷದ ರೂಢಿ. ದಸರೆ ಹತ್ತಿರ ಬಂದರೂ ಅವ್ವ ಈ ಸಲ ಹಿಟ್ಟು, ಕೊಬ್ಬರಿಯ ಮಾತೇ ಎತ್ತಲಿಲ್ಲ. ಅವಳ ಮುಖ ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ದಸರೆಯ ಸಂಜೆ ಕಂಪ್ಯೂಟರು ತೆರೆದು ದೊಡ್ಡವ್ವನನ್ನು ಮತ್ತೆ ಮದುವೆಗೆ ಸೇರಿಸಲು ಕೂತೆ.

ಆ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಂಚುತ್ತೇವೆ. ಸಣ್ಣವರು ದೊಡ್ಡವರ ಕೈಗೆ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಕಾಲಿಗೆ ಬೀಳುತ್ತಾರೆ, ದೊಡ್ಡವರೂ ತಿರುಗಿ ಎಲೆ ಕೊಟ್ಟು ಹರಸುತ್ತಾರೆ. ವರ್ಷದ ಜಗಳ ಏನಿದ್ದರೂ ಆ ಎಲೆಗೇ ಮುಗಿಯಬೇಕು. ತಂಗಿಯಾದ ಅವ್ವ ಬಬಲೇಶ್ವರಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ತಟ್ಟೆಯಲ್ಲಿ ಬನ್ನಿ ಇಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಪರದೆಯ ಮೇಲೆ ದೊಡ್ಡವ್ವ, ಬೈಯುತ್ತಾ ಬಾಯಿ ತೆರೆದ ಭಂಗಿಯಲ್ಲೇ ನಿಂತಿದ್ದಳು. ಡಿವಿಡಿ ಇಡಲು ಡ್ರೈವಿನ ತಟ್ಟೆ ಹೊರಗೆ ತೆಗೆದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರೆಯವರು ಬನ್ನಿ ಕೊಡಲು ಬಂದರು, ಎದ್ದು ಹೋದೆ. ತಿರುಗಿ ಬಂದಾಗ ಡ್ರೈವಿನ ತಟ್ಟೆ ಒಳಗೆ ಹೋಗಿತ್ತು. ಮತ್ತೆ ತೆಗೆದು, ಡಿವಿಡಿ ಇಟ್ಟು, ಬರೆಯಲು ಹೇಳಿದೆ.

ಅರವತ್ತೊಂದು ಪರ್ಸೆಂಟಿಗೆ ಬಂದು ನಿಂತಿತು. "ಡಿಸ್ಕ್ ಬರೆಯಲು ಆಗಲಿಲ್ಲ" ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ, ಅದರ ಬಾಲಕ್ಕೆ ಮೊಳದುದ್ದ ನಂಬರು. ಇನ್ನೊಂದು ಹಾಕಿದೆ. ಅರವತ್ತೊಂದು. ಮತ್ತೊಂದು. ಅರವತ್ತೊಂದು.

ಮೊದಲ ಡಿವಿಡಿ ಇದೇ ಯಂತ್ರದಲ್ಲಿ ಸಲೀಸಾಗಿ ಬಂದಿತ್ತಲ್ಲ! ಗಣಿತದವಳ ಸೊಕ್ಕು ಕೆರಳಿತು. ಖಾಲಿ ಡಿವಿಡಿಗಳೇ ಕೆಟ್ಟವು ಎಂದು ಸ್ಟೇಷನ್ ರಸ್ತೆಯ ಅಂಗಡಿಯವನೊಂದಿಗೆ ಜಗಳ ತೆಗೆದೆ. ಅವನು ಧೂಳು ಊದಿ ಬೇರೆ ಕಂಪನಿಯ ಕಟ್ಟು ಕೊಟ್ಟ. ಅದೂ ಅಲ್ಲಿಗೇ ನಿಂತಿತು. ಬರೆಯುವ ವೇಗವನ್ನು ಹದಿನಾರರಿಂದ ನಾಲ್ಕಕ್ಕೆ ಇಳಿಸಿದೆ. ನಿಧಾನವಾಗಿ ಹೋಗಿ ಅಲ್ಲೇ ನಿಂತಿತು. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದು ಎಂದು ಶಾಲೆಯ ಏಳು ವರ್ಷದ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ವಿಡಿಯೋ ಅಳಿಸಿದೆ. ವೈರಸ್ ಬಾರದಂತೆ ಕಾಯುವ ಆಂಟಿವೈರಸ್ಸನ್ನು ರಜೆಯ ಮೇಲೆ ಕಳಿಸಿದೆ. ಎಡಿಟಿಂಗ್ ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕಂಡದ್ದಕ್ಕೆಲ್ಲ ಬರೆ ಎಳೆದೆ.

ಆಮೇಲೆ ಇನ್ನೊಂದು ಸಂಶಯ ಹುಟ್ಟಿತು. ಹೊಸ ಜೋಡಣೆಯಲ್ಲಿ ದೊಡ್ಡವ್ವನ ಸುರಗಿ ಬರುವುದೂ ಹೆಚ್ಚುಕಮ್ಮಿ ಅರವತ್ತೊಂದು ಪರ್ಸೆಂಟಿಗೇ. ತಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. "ಆ ಕಂಪ್ಯೂಟರಿಗೂ ದೊಡ್ಡವ್ವನ ಅಂಜಿಕಿ ಐತೆವಾ. ಅಕಿ ಬಂದ ಕೂಡ್ಲೇ ಕೈಕಾಲು ಬಿಡತೈತಿ." ನಗಲಿ ಎಂದು ಬಿಟ್ಟು, ಶಾಸ್ತ್ರದ ಕ್ರಮವನ್ನೇ ಮೀರಿ ಸುರಗಿಯನ್ನು ಮದುವೆಯ ಮೊದಲಿಗೆ ತಂದು ಹಾಕಿ ನೋಡಿದೆ. ಯಂತ್ರ ಅರವತ್ತೊಂದಕ್ಕೇ ನಿಂತಿತು. ಅಲ್ಲಿ ಈಗ ಯಾರೋ ಭಜ್ಜಿ ತಿನ್ನುತ್ತಿದ್ದರು. ದೊಡ್ಡವ್ವ ನಿರಪರಾಧಿ ಎಂದು ಸಾಬೀತಾಯಿತು.

ದೊಡ್ಡವ್ವನ ಹದಿನೆಂಟು ನಿಮಿಷವನ್ನಷ್ಟೇ ಬೇರೆ ಡಿವಿಡಿಗೆ ಬರೆದೆ. ಚಕ್ಕನೆ ಬಂತು! ಹಿಗ್ಗಿ ಹೀರೇಕಾಯಿಯಾಗಿ ಬಬಲೇಶ್ವರಕ್ಕೆ ಫೋನು ಮಾಡಿದೆ.

"ದೊಡ್ಡವ್ವಾ, ನಿಂದು ಸೀಡಿ ತಯಾರಾತು. ಬರೇ ನೀನ ಅದಿ ಅದರಾಗ."

"ಮದುವಿ?"

"ಮದುವಿ ಬ್ಯಾರೆ ಸೀಡಿದಾಗ ಐತಿ."

"ಪಂಕ್ತಿ ಬಿಟ್ಟು ನನ್ನೊಬ್ಬಾಕಿನ್ನ ಬ್ಯಾರೆ ಕುಂಡ್ರಸ್ತೀಯೇನ?" ಎಂದು ಫೋನು ಇಟ್ಟುಬಿಟ್ಟಳು.

ಅವಳ ಮಾತು ನಿಜವೇ. ನನಗೆ ಆ ಕ್ಷಣ ನನ್ನ ಮೇಲೇ ಸಿಟ್ಟು ಬಂತು. ದೀಪಾವಳಿಗೆ ಐದೇ ದಿನ. ಅವ್ವ ಆ ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡು, ಏನೂ ಕೇಳಿಸದವಳ ಹಾಗೆ ಅಂಗಳ ಗುಡಿಸಲು ಹೋದಳು. ಅದು ಅವಳು ಅವತ್ತು ಮೂರನೇ ಸಲ ಗುಡಿಸುತ್ತಿದ್ದ ಅಂಗಳ.

ಕೊನೆಗೆ ಸ್ವಲ್ಪ ಬುದ್ಧಿ ಬಂತು. ಡಿವಿಡಿಗೆ ಬರೆಯುವ ಬದಲು ಇಡೀ ಮದುವೆಯನ್ನು ಒಂದು ಫೈಲಾಗಿ ಹಾರ್ಡ್ ಡಿಸ್ಕಿಗೆ ಬರೆಸಿದೆ. ನೂರಕ್ಕೆ ನೂರು ಬಂತು. ಅಂದರೆ ಸಾಫ್ಟ್‌ವೇರಿನ ತಪ್ಪಿಲ್ಲ, ವಿಡಿಯೋದ ತಪ್ಪಿಲ್ಲ. ಉಳಿದದ್ದು ಡ್ರೈವೊಂದೇ. ಇದನ್ನು ಮೊದಲನೇ ದಿನವೇ ಮಾಡಿದ್ದರೆ ಏಳು ವರ್ಷದ ಗ್ಯಾದರಿಂಗ್ ಉಳಿಯುತ್ತಿತ್ತು. ಹೊಸ ಡ್ರೈವ್ ಕೇಳಿದರೆ, ಈಗ ಯಾರೂ ತರಿಸುವುದಿಲ್ಲ ಎಂದರು ಅಂಗಡಿಯವರು. ಡ್ರೈವನ್ನು ಬಿಚ್ಚಿಕೊಂಡು, ಟೇಪ್ ರೆಕಾರ್ಡರಿನ ಕಾಲದಿಂದ ರಿಪೇರಿ ಮಾಡುತ್ತಿರುವ ಚಾಚಾನ ಅಂಗಡಿಗೆ ಹೋದೆ. ಅವರು ನನ್ನ ಕಥೆ ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕದ ಮನುಷ್ಯರನ್ನು ನಾನು ಬಹಳ ದಿನಗಳ ಮೇಲೆ ನೋಡಿದ್ದು.

"ಅಕ್ಕೋರ, ಸಣ್ಣದು ಬರೀತೈತಿ, ದೊಡ್ಡದು ಬರಿಯಂಗಿಲ್ಲ ಅಂದ್ರ ಇದರ ಕಣ್ಣು, ಆ ಲೇಸರು, ಛಲೋ ಐತ್ರಿ. ಇದು ಡಿಸ್ಕಿನ ನಡುವಿಂದ ಅಂಚಿಗೆ ನಡ್ಕೋಂತ ಬರೀತೈತಿ. ಅರ್ಧಾ ದಾರಿ ದಾಟಿದ ಮ್ಯಾಲ ಕಾಲಿಗೆ ಏನೋ ತೊಡರಾಕತ್ತೈತಿ ನೋಡ್ರಿ."

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಕನ್ನಡಕ ಹಣೆಗೇರಿಸಿ ಒಳಗೆ ಇಣುಕಿ ನೋಡಿ, ಚಿಮಟದಿಂದ ಏನನ್ನೋ ಮೆಲ್ಲಗೆ ಎತ್ತಿ ನನ್ನ ಅಂಗೈಗೆ ಹಾಕಿದರು.

"ನಿಮ್ಮ ಡ್ರೈವಿನ್ಯಾಗ ಬಂಗಾರ ಸಿಕ್ತಲ್ರೀ ಅಕ್ಕೋರ!"

ಒಣಗಿದ ಬನ್ನಿ ಎಲೆ. ತಟ್ಟೆಯ ಸೀಳಿನಿಂದ ಕೆಳಗೆ ಜಾರಿ, ಕಡ್ಡಿ ಸಮೇತ ಕಣ್ಣು ಓಡಾಡುವ ಹಳಿಯ ಮೇಲೆ ಅಡ್ಡ ಸಿಕ್ಕಿಕೊಂಡಿತ್ತು. ಚಾಚಾನಿಗೆ ಅದರ ಗುರುತು ಹೇಳಬೇಕಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಕೊಟ್ಟ ಬನ್ನಿ ಅವರ ಮೇಜಿನ ಗಾಜಿನ ಕೆಳಗೇ ಇತ್ತು. ಸುಮ್ಮನೆ ಒಗೆಯಲು ಮನಸ್ಸು ಬಾರದೆ ಎಲೆಯನ್ನು ಕಾಗದದಲ್ಲಿ ಮಡಚಿ ಕೊಟ್ಟರು.

ಮನೆಗೆ ಬಂದು ಕಾಗದ ಬಿಚ್ಚಿ ಅವ್ವನ ಮುಂದಿಟ್ಟೆ. "ಇದನ್ನ ಪೆಟ್ಟಿಗ್ಯಾಗ ಹಾಕಿದಾಕಿ ನೀನೇನ?" ಎಂದು ಗದರಿಸುವಂತೆ ಕೇಳಿದೆ. ಹದಿನೈದು ದಿನದ ಸಿಟ್ಟು ಇನ್ನೂ ಆರಿರಲಿಲ್ಲ.

ಅವ್ವ ಎಲೆಯನ್ನು ಅಂಗೈಗೆ ಎತ್ತಿಕೊಂಡಳು. "ಅಕ್ಕನ ಮಾರಿ ಕಾಣಾಕತ್ತಿತ್ತು. ಬಾಯಿ ತಗದು ಬೈಯಾಕತ್ತಿದ್ಲು. ಅದರ ಕೆಳಗ ಪೆಟ್ಟಿಗಿ ಕೈ ಚಾಚಿತ್ತು. ಹಬ್ಬದ ದಿನ ಚಾಚಿದ ಕೈಗೆ ಬನ್ನಿ ಕೊಡದ ಹೆಂಗ ಕುಂಡ್ರಲಿ?" ಎಲೆಯನ್ನು ಮತ್ತೆ ಕಾಗದದಲ್ಲಿ ಮಡಚುತ್ತಾ ಹೇಳಿದಳು: "ಪೆಟ್ಟಿಗಿಗೆ ಕೊಡಲಿಲ್ಲ ನಾ. ಅಕಿಗೇ ಕೊಟ್ಟೆ. ಕೊಟ್ಟು, ಮೆಲ್ಲಕ ಒಳಗ ನೂಕಿದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಷ್ಟು ದಿನ ನಾನು ಸರಿಪಡಿಸಲು ಹೆಣಗುತ್ತಿದ್ದ ಜಗಳಕ್ಕೆ ಮದ್ದು ಆ ಡ್ರೈವಿನೊಳಗೇ ಇತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. "ಹಂಗಾದ್ರ ನಡಿ, ಇಬ್ಬರೂ ಹೋಗೂಣು" ಎಂದೆ. ಅವಳು ಬರಲಿಲ್ಲ. "ನೀನ ಹೋಗಿ ಬಾ. ಎಲಿ ಸುದ್ದಿ ಮಾತ್ರ ಹೇಳಬ್ಯಾಡ" ಎಂದಳು.

ಡ್ರೈವ್ ಜೋಡಿಸಿ ಬರೆದೆ. ಅರವತ್ತೊಂದು ದಾಟಿತು, ಅರವತ್ತೆರಡಾಯಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನೂರು ಆದಮೇಲೆ ಡಿವಿಡಿಯನ್ನು ಕವರಿಗೆ ಹಾಕಿ, ಅದರ ಬೆನ್ನಿಗೆ ಎಲೆಯನ್ನೂ ಸೇರಿಸಿ ಬಬಲೇಶ್ವರದ ಬಸ್ಸು ಹತ್ತಿದೆ. ಅವ್ವ ಹೇಳಬೇಡ ಎಂದಿದ್ದಳು, ಒಯ್ಯಬೇಡ ಅಂದಿರಲಿಲ್ಲ.

ದೊಡ್ಡವ್ವ ಓಣಿಯವರನ್ನೆಲ್ಲ ಮತ್ತೆ ಕರೆದಳು. ಮತ್ತೆ ಚಹಾ, ಮತ್ತೆ ಚುರುಮುರಿ. ಪ್ಲೇಯರಿನ ಮೇಲಿನ ಕಸೂತಿ ಬಟ್ಟೆ ಸರಿಯಿತು. ಸುರಗಿ ಬಂತು, ನೂಲು ಹರಿಯಿತು, ದೊಡ್ಡವ್ವನ ಬೈಗುಳ ಶುರುವಾಯಿತು. ಐದು ನಿಮಿಷ ಎಲ್ಲರೂ ನಕ್ಕರು. ಹತ್ತು ನಿಮಿಷವಾದರೂ ಅದು ಮುಗಿಯಲಿಲ್ಲ. ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಯವ್ವಾ, ಇಷ್ಟು ಬೈದೇನೇನ ನಾ? ಇದನ್ನ ತಗದು ಹಾಕಬಾರದೇನ?"

ನಾನು ಹಣೆ ಹಣೆ ಬಡಿದುಕೊಂಡೆ. ಎಲ್ಲರೂ ಹೋದಮೇಲೆ ಅವಳು ಡಿವಿಡಿಯನ್ನು ಕವರಿಗೆ ಹಾಕಲು ಹೋದಳು. ಎಲೆ ಮಡಿಲಿಗೆ ಬಿತ್ತು.

"ಯಾರದಿದು?"

ಹೇಳಬಾರದಿತ್ತು, ಹೇಳಿಬಿಟ್ಟೆ. ಕಂಪ್ಯೂಟರಿನ ಚಾಚಿದ ಕೈ, ಅರವತ್ತೊಂದು ಪರ್ಸೆಂಟು, ಚಾಚಾನ ಚಿಮಟ ಎಲ್ಲವನ್ನೂ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಎಲೆಯನ್ನು ಕಣ್ಣಿಗೊತ್ತಿಕೊಂಡು ಎದ್ದು ಹೋಗಿ, ದೇವರ ಜಗಲಿಯ ಮೇಲಿನ ಕುಂಕುಮದ ಭರಣಿ ಸರಿಸಿದಳು. ಅದರ ಹಿಂದೆ ಸಣ್ಣ ಬಟ್ಟಲಲ್ಲಿ ನಾಲ್ಕು ಬನ್ನಿ ಎಲೆಗಳು, ಅವೂ ಒಣಗಿ ಮುದುಡಿದ್ದವು.

"ಹಬ್ಬದ ದಿನ ಅಕಿ ಬರತಾಳಂತ ತಗದಿಟ್ಟಿದ್ದೆ. ಕೊನೀ ಬಸ್ಸು ಬರೂತನಾ ಕಟ್ಟಿ ಮ್ಯಾಲ ಕುಂತಿದ್ದೆ" ಎಂದಳು.

"ಕೊಡು ದೊಡ್ಡವ್ವ, ನಾ ಒಯ್ದು ಕೊಡ್ತೀನಿ" ಎಂದು ಕೈ ಚಾಚಿದೆ. ಅವಳು ಆ ಕೈಗೆ ಪಟ್ಟನೆ ಒಂದು ಹೊಡೆದಳು.

"ನಿನ್ನ ಕೈಯಾಗ ಯಾಕ ಕೊಡ್ಲಿ? ನನಗೇನ ಕಾಲಿಲ್ಲೇನ? ಕೈ ಚಾಚಿದವ್ರಿಗೆಲ್ಲ ಕೊಡಾಕ ನಾ ನಿಮ್ಮವ್ವ ಅನಕೊಂಡಿಯೇನ?"

ಬಟ್ಟಲಿನ ಎಲೆಗಳನ್ನು ಬಲಗೈಯಲ್ಲಿ ಹಿಡಿದು, ಬಾಗಿಲಿಗೆ ಕೀಲಿ ಹಾಕಿ ನನಗಿಂತ ಮೊದಲು ಅವಳೇ ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು. ಅರ್ಧ ದಾರಿಯಲ್ಲಿ ನಿಂತು, ಅವ್ವ ಕೊಬ್ಬರಿ ತುರಿದಿಟ್ಟಿದ್ದಾಳೋ ಇಲ್ಲವೋ ಎಂದು ಕೇಳಿದಳು. ಇಲ್ಲ ಎಂದೆ. "ಸೋಂಬೇರಿ" ಎಂದು ಬೈದು ಅಂಗಡಿಯಲ್ಲಿ ಎರಡು ಕೊಬ್ಬರಿ ಗಿಟುಕು ಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ವಿಜಯಪುರ ಬರುವವರೆಗೂ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಕಂಡಕ್ಟರ್ ಬಂದಾಗ ಟಿಕೆಟು ನಾನೇ ತೆಗೆಸಿದೆ.