ಇನ್ನೂ ಶುರುವಾಗಿಲ್ಲ ಅತ್ತೆ

ವೆರಿಂಕಾ ಸುಳ್ಳು ಹೇಳುವವಳಲ್ಲ. ಆದರೆ ಒಂದೇ ಒಂದು ಸುಳ್ಳನ್ನು ಇಪ್ಪತ್ತು ದಿನ, ದಿನಾ ಸಂಜೆ ಹೇಳಿದಳು.

ಲೆಸ್ಕೊವಾಟ್ಸ್ ಊರಿನ ಕಾಲುಚೀಲದ ಕಾರ್ಖಾನೆಯಲ್ಲಿ ಎಂಟು ತಾಸು ನಿಂತು, ಮನೆಗೆ ಬಂದು ಬೀನ್ಸ್ ಬೇಯಿಸಿ, ಬಟ್ಟೆ ಹಿಂಡಿ ಹಾಕಿ, ಆರು ಗಂಟೆಗೆ ಸರಿಯಾಗಿ ಅವಳು ಅತ್ತೆ ಸ್ತಾನಿಯಾಳ ಪಕ್ಕ ಕೂರಬೇಕಿತ್ತು. ಟಿವಿಯಲ್ಲಿ ಟರ್ಕಿಯ ಧಾರಾವಾಹಿ. ಮಾತೆಲ್ಲ ಟರ್ಕಿಯದು; ಮನೆಯವರ ಭಾಷೆಯ ಅನುವಾದ ಪರದೆಯ ಬುಡದಲ್ಲಿ ಅಕ್ಷರವಾಗಿ ಓಡುತ್ತಿತ್ತು. ಅತ್ತೆಯ ಕಣ್ಣು ಹೋಗಿ ನಾಲ್ಕು ವರ್ಷ. ಹಾಗಾಗಿ ಆ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು ಸೊಸೆಯ ಕೆಲಸ. ವಿಧವೆ ನೆವಿನ್ ಆಗಿ ಅಳಬೇಕು, ಮೈದುನ ತಾರಿಕ್ ಆಗಿ ಗದರಬೇಕು. ಗಂಡ ಬ್ಲಾಗೊಯೆಯನ್ನು ಒಮ್ಮೆ ಕೇಳಿದ್ದಳು. "ಹೆಂಗಸರ ಗೋಳು ಓದೋದು ನನ್ನ ಕೈಲಾಗಲ್ಲ ಕಣೇ" ಎಂದು ಅವನು ಪೇಪರಿನ ಫುಟ್‌ಬಾಲ್ ಪುಟವನ್ನು ಮೂಲೆಯಿಂದ ಮೂಲೆಗೆ ಓದಿದ್ದ.

ಜೂನ್‌ನಲ್ಲಿ ಧಾರಾವಾಹಿ ಬೇಸಿಗೆಯ ಬಿಡುವಿಗೆ ನಿಂತಿತು. ಕತ್ತಲಲ್ಲಿ ಗುಂಡಿನ ಸದ್ದು, ನೆವಿನ್ ಚೀರಿದಳು, ಅಷ್ಟೇ. ಹೊಡೆದವರು ಯಾರೆಂದು ಅತ್ತೆ ತಿಂಗಳುಗಟ್ಟಲೆ ಚರ್ಚಿಸಿದಳು. ವೆರಿಂಕಾ ಆರು ಗಂಟೆಗೆ ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿ, ಬಾಯಿ ಮುಚ್ಚಿ ಕೂತಳು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಹಾಗೆ ಕೂತಿದ್ದು ಅದೇ ಮೊದಲು.

ಸೆಪ್ಟೆಂಬರ್‌ನಲ್ಲಿ, ಬೀದಿಯಿಡೀ ಚಳಿಗಾಲದ ಚಟ್ನಿಗೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವಾಗ, ಧಾರಾವಾಹಿ ಮರಳಿತು.

"ಇವತ್ತಾದ್ರೂ ಇದ್ಯಾ ಮಗಳೇ?"

"ಇನ್ನೂ ಶುರುವಾಗಿಲ್ಲ ಅತ್ತೆ."

ಇದೊಂದು ದಿನ ಅಂದುಕೊಂಡಿದ್ದಳು. ಮರುದಿನವೂ ಹಾಗೇ ಅಂದುಕೊಂಡಳು.

ಇಪ್ಪತ್ತೊಂದನೆಯ ದಿನ ಪಕ್ಕದ ಮನೆಯ ಪರ್ಸಿದಾ ಕಾಫಿಗೆ ಬಂದಳು. "ಸ್ತಾನಿಯಾ, ನೆವಿನ್ ಬದುಕಿಬಿಟ್ಳಲ್ಲೇ! ನಾನಂತೂ ಮೆಣಸಿನಕಾಯಿ ಸೀದುಹೋದ್ರೂ ಏಳ್ಲಿಲ್ಲ."

ಒಲೆಯ ಮೇಲೆ ಕಾಫಿ ಉಕ್ಕಿ ಚೆಲ್ಲಿತು. ವೆರಿಂಕಾ ತಿರುಗಲಿಲ್ಲ.

ಅತ್ತೆ ಪರ್ಸಿದಾಳ ಕಡೆ ಮುಖ ತಿರುಗಿಸಿದಳು. "ಹೂಂ, ಗೊತ್ತು. ನನ್ನ ಸೊಸೆ ದಿನಾ ಓದಿ ಹೇಳ್ತಾಳೆ."

"ಹಾಗಾದ್ರೆ ಹೇಳು, ಹೊಡೆದಿದ್ದು ಯಾರು?"

"ಇನ್ಯಾರು? ತಾರಿಕ್."

"ಅವನ ತಾಯಿ ಕಣೇ! ನಿನ್ನ ಸೊಸೆ ಓದೋದು ಯಾವ ಧಾರಾವಾಹಿ?" ಪರ್ಸಿದಾ ನಗುತ್ತಾ ವೆರಿಂಕಾಳ ಕಡೆ ನೋಡಿದಳು. ಅವಳ ಕೆಂಪೇರಿದ ಕಿವಿ ಕಂಡು ನಗು ನಿಂತಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

"ಅತ್ತೆ, ನಾನು..."

"ಗೋಡೆಯಾಚೆಯಿಂದ ಧಾರಾವಾಹಿ ಹಾಡು ಕೇಳಿಸ್ತಿತ್ತು. ಈಚೆಯಿಂದ ನೀನು ಮೆಟ್ಟಿಲ ಮೇಲೆ ಕೂತು ಉಸ್ಸಪ್ಪಾ ಅನ್ನೋದೂ ಕೇಳಿಸ್ತಿತ್ತು."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆ ಆರಕ್ಕೆ ವೆರಿಂಕಾ ಕರೆಯದೆಯೇ ಬಂದು ಕೂತಳು. ಒಂದಕ್ಷರ ಬಿಡದೆ ಓದಿದಳು. ನೆವಿನ್ ಅಳುವಲ್ಲಿ ನಿಜಕ್ಕೂ ಅತ್ತಳು.

"ಮೆಲ್ಲಗೆ ಓದೇ, ಸ್ಕೋರ್ ಕೇಳಿಸ್ತಿಲ್ಲ!" ಒಳಕೋಣೆಯ ರೇಡಿಯೋ ಪಕ್ಕದಿಂದ ಬ್ಲಾಗೊಯೆ ಕೂಗಿದ.

"ಈ ಮೆಲೆಕ್ ಯಾರು?" ಅತ್ತೆ ಕೇಳಿದಳು.

"ತಾರಿಕ್ ತಂಗಿ. ನಿಮಗೆ ಅವಳಂದ್ರೆ ಪ್ರಾಣ ಇತ್ತು."

"ಹೌದಾ?"

ಮೆಲೆಕ್‌ಳ ಹೆಜ್ಜೆ ಸದ್ದಿಗೇ "ಬಂದ್ಳು ನನ್ನ ಹುಡುಗಿ" ಎನ್ನುತ್ತಿದ್ದವಳು ಈಗ ನೆಂಟರ ಮನೆಯಲ್ಲಿ ಕೂತವಳಂತೆ ಮರ್ಯಾದೆಗೆ ತಲೆಯಾಡಿಸುತ್ತಿದ್ದಳು. ಆಮೇಲೆ ಸೊಸೆಯ ಮೊಣಕಾಲು ಹುಡುಕಿ ತಟ್ಟಿದಳು.

"ಟಿವಿ ಆರಿಸಮ್ಮ. ಬಹಳ ದಿನ ಆಗೋಯ್ತು, ಯಾರ ನೆನಪೂ ಇಲ್ಲ. ಹೋಗು, ಹೊರಗೆ ಕೂತ್ಕೋ."

ವೆರಿಂಕಾ ಹೋಗಿ ಮೆಟ್ಟಿಲ ಮೇಲೆ ಕೂತಳು. ಕಾಲು ಚಾಚಲು ಮನಸ್ಸು ಬರಲಿಲ್ಲ.